ಹಸಿವು ನೋಡಿ ಊಟ ನೀಡಿ



ಊರಿನಿಂದ ಬುತ್ತಿ ಕಟ್ಟಿಕೊಂಡು ಬಂದವರು, "ಯಪ್ಪಾ, ಇನ್ನೊಂದು ತುತ್ತು ತಗೋ, ಮೈಯಾಗ ಶಕ್ತಿ ಬರ್ತೈತಿ" ಎಂದು ಒತ್ತಾಯ ಮಾಡುವುದನ್ನು ವಾರ್ಡಿನಲ್ಲಿ ದಿನಾಲೂ ಕಾಣುತ್ತೇವೆ. ಅದು ಪ್ರೀತಿಯಿಂದ ಮಾಡುವ ಕೆಲಸ. ಆದರೆ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬರ, ಹುಳಿತೇಗು, ವಾಂತಿ ಎಂದು ಅವರೇ ನಮ್ಮ ಹತ್ತಿರ ಓಡಿ ಬರುತ್ತಾರೆ. ತಿಂದದ್ದು ಜೀರ್ಣವಾದರೆ ಮಾತ್ರ ಶಕ್ತಿ ಬರುತ್ತದೆ.

ಜಠರಾಗ್ನಿ ಎಂದರೇನು?

ಆಯುರ್ವೇದದಲ್ಲಿ ಜೀರ್ಣಶಕ್ತಿಯನ್ನು ಜಠರಾಗ್ನಿ ಎನ್ನುತ್ತಾರೆ. ಒಲೆಯ ಉರಿ ಸಣ್ಣದಿದ್ದಾಗ ದೊಡ್ಡ ಕಟ್ಟಿಗೆ ಹೇರಿದರೆ ಹೊಗೆ ಏಳುತ್ತದೆಯೇ ಹೊರತು ಅಡುಗೆ ಬೇಯುವುದಿಲ್ಲ. ಜ್ವರ ಬಂದಾಗ, ಶಸ್ತ್ರಚಿಕಿತ್ಸೆಯ ನಂತರ, ಬಹಳ ದಿನ ಹಾಸಿಗೆ ಹಿಡಿದಾಗ ಈ ಅಗ್ನಿ ಕುಗ್ಗುತ್ತದೆ. ಇದೇ ಮಂದಾಗ್ನಿ. ಆಗ ಸರಿಯಾಗಿ ಪಚನವಾಗದೆ ಉಳಿಯುವ ಅಂಶವನ್ನು 'ಆಮ' ಎಂದು ಕರೆದು, ಅದನ್ನು ಅನೇಕ ರೋಗಗಳಿಗೆ ಮೂಲವೆಂದು ಹೇಳಿದ್ದಾರೆ.

ಎಷ್ಟು ಉಣ್ಣಬೇಕು?

ವಾಗ್ಭಟನ ಅಷ್ಟಾಂಗಹೃದಯದಲ್ಲಿ ಸುಲಭವಾದ ಅಳತೆಯಿದೆ. ಹೊಟ್ಟೆಯನ್ನು 4 ಭಾಗವೆಂದು ತಿಳಿದು, 2 ಭಾಗ ಗಟ್ಟಿ ಆಹಾರ, 1 ಭಾಗ ನೀರು-ಮಜ್ಜಿಗೆ, ಉಳಿದ 1 ಭಾಗ ಖಾಲಿ ಬಿಡಬೇಕು. ಒರಳಿನ ತುಂಬ ಕಾಳು ತುಂಬಿದರೆ ರುಬ್ಬಲು ಆಗುವುದಿಲ್ಲ, ಹೊಟ್ಟೆಯೂ ಹಾಗೆಯೇ.

ಹೇಗೆ ಉಣ್ಣಬೇಕು?

1. ಮೊದಲು ಉಂಡದ್ದು ಜೀರ್ಣವಾಗಿ, ಹಸಿವಾದ ಮೇಲೆ ಉಣ್ಣಿರಿ. ಇದನ್ನು ಚರಕ ಸಂಹಿತೆಯಲ್ಲಿ ಒತ್ತಿ ಹೇಳಲಾಗಿದೆ.
2. ಬಿಸಿಯಾದ, ಮೆತ್ತಗಿನ ಆಹಾರ ಕೊಡಿ. ಗಂಜಿ, ಹೆಸರುಬೇಳೆ ಕಿಚಡಿ, ಜೋಳದ ನುಚ್ಚು ಹಗುರವಾದವು. ಮಿರ್ಚಿ ಭಜಿ, ಹೋಳಿಗೆ ಸದ್ಯಕ್ಕೆ ಬೇಡ.
3. ಬೆಣ್ಣೆ ತೆಗೆದ ತಿಳಿ ಮಜ್ಜಿಗೆಗೆ ಜೀರಿಗೆ ಪುಡಿ, ಚಿಟಿಕೆ ಒಣಶುಂಠಿ ಹಾಕಬಹುದು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಿ.
4. ಅವಸರ ಬೇಡ, ಅತಿ ನಿಧಾನವೂ ಬೇಡ. ಮಾತು, ನಗು, ಟಿ.ವಿ. ಬದಿಗಿಟ್ಟು ಚೆನ್ನಾಗಿ ಅಗಿದು ನುಂಗಿ.
5. ರಾತ್ರಿ ಊಟ ಮಲಗುವುದಕ್ಕಿಂತ 2-3 ಗಂಟೆ ಮೊದಲೇ ಮುಗಿಯಲಿ.

ಬಂಧುಗಳ ಗಮನಕ್ಕೆ

ಶಸ್ತ್ರಚಿಕಿತ್ಸೆಯಾದವರಿಗೆ ವೈದ್ಯರು ಹೇಳುವವರೆಗೆ ಒಂದು ಗುಟುಕು ನೀರನ್ನೂ ಕೊಡಬೇಡಿ. ಮಂಪರಿನಲ್ಲಿರುವವರಿಗೆ ಏನನ್ನೂ ಉಣಿಸಬೇಡಿ. ಉಳಿದವರನ್ನು ತಲೆ ಎತ್ತರಿಸಿ ಕೂರಿಸಿಯೇ ಉಣಿಸಿ, ಊಟದ ನಂತರವೂ ಅರ್ಧ ಗಂಟೆ ಹಾಗೆಯೇ ಕೂರಿಸಿ. ಅನ್ನ-ನೀರು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಹಸಿವಿಗಾಗಿ ಕಾಯುವ ನಿಯಮ ಎಲ್ಲರಿಗೂ ಅಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು. ಇಲ್ಲವಾದರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಆಗಬಹುದು. ಉಳಿದವರಿಗೂ ಒಂದು ದಿನ ಕಳೆದರೂ ಹಸಿವೇ ಆಗದಿದ್ದರೆ ನರ್ಸ್‌ಗೆ ತಿಳಿಸಿ.

ಎಲ್ಲವೂ ಗ್ಯಾಸ್ ಅಲ್ಲ

ಎದೆ ಹಿಡಿದಂತಾಗುವುದು, ತಣ್ಣನೆಯ ಬೆವರು, ತೋಳು ಅಥವಾ ದವಡೆಗೆ ಹರಡುವ ನೋವು ಹೃದಯಾಘಾತದ ಲಕ್ಷಣ ಇರಬಹುದು. ಶುಂಠಿ, ಸೋಡಾ ಕೊಟ್ಟು ಹೊತ್ತು ಕಳೆಯಬೇಡಿ. ಮನೆಯಲ್ಲಿದ್ದರೆ 108ಕ್ಕೆ ಕರೆ ಮಾಡಿ. ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ ಕಂಡರೆ ತಕ್ಷಣ ಆಸ್ಪತ್ರೆಗೆ ಬನ್ನಿ. ನುಂಗಲು ಕಷ್ಟವಾಗುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ತಡಮಾಡದೆ ತಪಾಸಣೆ ಮಾಡಿಸಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಇವತ್ತು ಬುತ್ತಿ ಬಿಚ್ಚುವ ಮೊದಲು, "ಹಸಿವಾಗೈತೇನು?" ಎಂದು ಒಮ್ಮೆ ಕೇಳಿ. ಸಾಕು ಎಂದಾಗ ಬಿಟ್ಟುಬಿಡಿ.