ನೀಲಿ ರಿಬ್ಬನ್ನಿನ ಪಟ್ಟಿ

ಮನೆಯ ಮಕ್ಕಳು ಗಣಕಯಂತ್ರದಲ್ಲಿಯೋ ಮೊಬೈಲ್ ಫೋನಿನಲ್ಲಿಯೋ ಏನನ್ನಾದರೂ ಓದುತ್ತಿರುವಾಗ ಪರದೆಯ ನೆತ್ತಿಯ ಮೇಲೆ ಉದ್ದನೆಯದೊಂದು ಪಟ್ಟಿ ಕಾಣಿಸಿಕೊಳ್ಳುವುದನ್ನು ವಾಚಕರು ಗಮನಿಸಿರಬಹುದು. ಸೀರೆ, ಸಾಲ, ಸಿಮೆಂಟು, ಹೀಗೆ ಯಾವುದನ್ನೋ ಕೊಳ್ಳಿರೆಂದು ಅದು ಕರೆಯುತ್ತದೆ. ಬ್ಯಾನರ್ ಜಾಹೀರಾತು ಎಂದು ಅದರ ಹೆಸರು. ೧೯೯೪ರ ಅಕ್ಟೋಬರ್ ೨೭ರಂದು ಅಮೆರಿಕೆಯ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆಯಲ್ಲಿ ಎಟಿ ಅಂಡ್ ಟಿ ದೂರವಾಣಿ ಸಂಸ್ಥೆಯೇ ಮೊದಲಾದವರು ಹಣ ತೆತ್ತು ಹಾಕಿಸಿದ ಪಟ್ಟಿಗಳಿಂದ ಈ ಪದ್ಧತಿ ಪ್ರಸಿದ್ಧಿಗೆ ಬಂದಿತು. ವ್ಯಾಪಾರಕ್ಕೆಂದು ಬೆಳೆದ ಈ ಪಟ್ಟಿಯನ್ನು ಎರಡು ವರ್ಷ ತುಂಬುವ ಮೊದಲೇ ನಾಗರಿಕ ಹಕ್ಕುಗಳ ಹೋರಾಟಗಾರರು ಕೈಗೆತ್ತಿಕೊಂಡರು. ಅದನ್ನು ಅವರು ಹೇಗೆ ರೂಪಿಸಿದರು, ವ್ಯಾಪಾರಿಯ ಪಟ್ಟಿಗೂ ಹೋರಾಟಗಾರನ ಪಟ್ಟಿಗೂ ಅಂತರವೇನು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಇದಕ್ಕೆ ಪೂರ್ವಪೀಠಿಕೆಯಾಗಿ ಒಂದು ಹಳೆಯ ಫಲಕವನ್ನು ನೆನೆಯಬೇಕು. ೧೯೬೮ರ ಫೆಬ್ರವರಿ ೧ರಂದು ಅಮೆರಿಕೆಯ ಮೆಂಫಿಸ್ ನಗರದಲ್ಲಿ ಇಬ್ಬರು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಲುಕಿ ಸತ್ತರು. ಹನ್ನೊಂದು ದಿನಗಳ ತರುವಾಯ ಸುಮಾರು ೧,೩೦೦ ಕರಿಯ ಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಅವರ ಕೈಯಲ್ಲಿದ್ದ ಫಲಕಗಳಲ್ಲಿ ಕೂಲಿಯ ಲೆಕ್ಕವಿರಲಿಲ್ಲ, ಬೈಗುಳವಿರಲಿಲ್ಲ. ಬಿಳಿಯ ಹಲಗೆಯ ಮೇಲೆ ಇಂಗ್ಲಿಷಿನ ನಾಲ್ಕೇ ಪದಗಳು. ಎರಡನೆಯ ಪದದ ಕೆಳಗೆ ಒಂದು ಗೆರೆ. 'ನಾನು ಮನುಷ್ಯನೇ ಹೌದು' ಎಂದು ಅದರ ತಾತ್ಪರ್ಯ. ಆ ಗೆರೆ ಮಾಡಿದ ಕೆಲಸವನ್ನು ನಮ್ಮ ಭಾಷೆಯಲ್ಲಿ ಅವಧಾರಣೆಯ ಏಕಾರ ಮಾಡುತ್ತದೆಂದು ವ್ಯಾಕರಣಜ್ಞರು ಸಂತೋಷಪಡಬಹುದು! ಗಮನಿಸತಕ್ಕ ಅಂಶವೆಂದರೆ, ಆ ಫಲಕವನ್ನು ಯಾವ ಕಾರ್ಮಿಕನು ಹಿಡಿದರೂ ಅದು ಅವನದೇ ಮಾತಾಗುತ್ತಿದ್ದಿತು.

ಅದೇ ೧೯೬೮ರಲ್ಲಿ ಮತ್ತೊಂದು ಬಗೆಯ ಭಿತ್ತಿಪತ್ರವೂ ಹೊರಬಂದಿತು. ಅದನ್ನು ರೂಪಿಸಿದವರು ಕಿಯೋಶಿ ಕುರೋಮಿಯಾ. ಜಪಾನಿ ಮೂಲದ ಅಮೆರಿಕನ್ನರನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂಧಿಸಿಟ್ಟಿದ್ದ ವಯೋಮಿಂಗ್ ರಾಜ್ಯದ ಶಿಬಿರವೊಂದರಲ್ಲಿ ೧೯೪೩ರಲ್ಲಿ ಜನಿಸಿದವರು. ೧೯೬೫ರಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ಮಾಂಟ್ಗೊಮರಿಯಲ್ಲಿ ನಡೆದ ಮೆರವಣಿಗೆಯಲ್ಲಿ ಏಟು ತಿಂದು ಆಸ್ಪತ್ರೆ ಸೇರಿದವರು. ಮಾರ್ಟಿನ್ ಲೂಥರ್ ಕಿಂಗ್ ಅವರ ಬಳಗದಲ್ಲಿ ದುಡಿದವರು. ವಿಯೆಟ್ನಾಮ್ ಯುದ್ಧಕ್ಕೆ ತರುಣರನ್ನು ಕಡ್ಡಾಯವಾಗಿ ಸೇರಿಸುವುದನ್ನು ವಿರೋಧಿಸಿ ಅವರು ಮಾಡಿದ ಭಿತ್ತಿಪತ್ರದಲ್ಲಿ, ಈ ಪತ್ರಿಕೆಯಲ್ಲಿ ಬರೆಯಲು ಸಂಕೋಚವಾಗುವ ಒಂದು ಶಬ್ದವಿದ್ದಿತು. ಅಸಭ್ಯ ವಸ್ತುವನ್ನು ಅಂಚೆಯಲ್ಲಿ ಕಳುಹಿಸಿದರೆಂಬ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಇವರ ವಿಷಯಕ್ಕೆ ಮತ್ತೆ ಬರಬೇಕಾಗಿದೆ.

೧೯೯೬ರ ಫೆಬ್ರವರಿ ೮ರಂದು ಅಮೆರಿಕೆಯ ಅಧ್ಯಕ್ಷ ಕ್ಲಿಂಟನ್ ಅವರು ದೂರಸಂಪರ್ಕ ಕಾಯಿದೆಗೆ ಸಹಿ ಹಾಕಿದರು. ಅದರೊಳಗೆ ಸಂವಹನ ಸಭ್ಯತಾ ಕಾಯಿದೆ ಎಂಬ ಭಾಗವೊಂದು ಸೇರಿತ್ತು. ಹದಿನೆಂಟು ತುಂಬದವರ ಕಣ್ಣಿಗೆ ಬೀಳುವಂತೆ ಅಂತರಜಾಲದಲ್ಲಿ 'ಅಸಭ್ಯ'ವಾದುದನ್ನು ಪ್ರಕಟಿಸಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅದರಲ್ಲಿ ಅವಕಾಶವಿದ್ದಿತು. ಉದ್ದೇಶವೇನೋ ಮಕ್ಕಳ ರಕ್ಷಣೆ. ಮಕ್ಕಳು ಕೆಟ್ಟದ್ದನ್ನು ನೋಡದಿರಲಿ ಎಂದು ಬಯಸದ ತಂದೆತಾಯಿಗಳುಂಟೆ? ಆದರೆ ಅಸಭ್ಯವೆಂದರೆ ಏನೆಂಬುದನ್ನು ಕಾಯಿದೆ ಸ್ಪಷ್ಟಪಡಿಸಲಿಲ್ಲ. ಅಶ್ಲೀಲ ವಸ್ತುವಿನ ಮೇಲೆ ನಿರ್ಬಂಧ ಮೊದಲಿನಿಂದಲೂ ಇದ್ದಿತು. ಇದು ಅದನ್ನು ದಾಟಿ ವೈದ್ಯ, ಲೇಖಕ, ಉಪಾಧ್ಯಾಯರ ಮಾತಿನ ಮೇಲೂ ಬೀಳಬಹುದಾದ ಬಲೆಯಾಗಿದ್ದಿತು.

ಹೋರಾಟಗಾರರ ಮುಂದಿದ್ದ ಕಷ್ಟವನ್ನು ಇಲ್ಲಿ ಅರಿಯಬೇಕು. ಸಭ್ಯತೆಯ ಹೆಸರು ಹೊತ್ತ ಕಾಯಿದೆಯನ್ನು ವಿರೋಧಿಸುವವರು ಅಸಭ್ಯತೆಯ ವಕೀಲರೆನಿಸಿಕೊಳ್ಳುವುದು ಸುಲಭ. ಕೂಗಿ ಹೇಳಿದಷ್ಟೂ ಆ ಸಂಶಯ ಬಲವಾಗುತ್ತದೆ. ೧೯೯೦ರಲ್ಲಿ ಸ್ಥಾಪಿತವಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎಂಬ ಸಂಸ್ಥೆ ಇದಕ್ಕೆ ಕಂಡುಕೊಂಡ ಉತ್ತರವೆಂದರೆ ಮಡಿಸಿದ ನೀಲಿ ರಿಬ್ಬನ್ನಿನ ಒಂದು ಪುಟ್ಟ ಚಿತ್ರ. ಏಡ್ಸ್ ರೋಗಿಗಳ ಪರವಾಗಿ ೧೯೯೧ರಿಂದ ಬಳಕೆಗೆ ಬಂದಿದ್ದ ಕೆಂಪು ರಿಬ್ಬನ್ ಆಗಲೇ ಜನರಿಗೆ ಪರಿಚಿತವಾಗಿದ್ದುದರಿಂದ, ರಿಬ್ಬನ್ ಎಂದೊಡನೆ ಇದು ಮಾರಾಟದ ಮಾತಲ್ಲ, ಮನಸ್ಸಾಕ್ಷಿಯ ಗುರುತು ಎಂಬುದು ಹೇಳದೆಯೇ ತಿಳಿಯುತ್ತಿದ್ದಿತು.

ಚಿತ್ರ ಪುಟ್ಟದಾಗಿರಲು ಮತ್ತೊಂದು ಕಾರಣವೂ ಉಂಟು. ಅಂದಿನ ಮೋಡೆಮ್ ದೂರವಾಣಿಯ ತಂತಿಯ ಮೂಲಕ ಸೆಕೆಂಡಿಗೆ ೨೮,೮೦೦ ಬಿಟ್‌ಗಳನ್ನು, ಎಂದರೆ ೩,೬೦೦ ಬೈಟ್‌ಗಳನ್ನು ತರುತ್ತಿದ್ದಿತು. ಹದಿನೈದು ಸಾವಿರ ಬೈಟ್ ತೂಕದ ಚಿತ್ರವೊಂದು ಮೂಡಲು ನಾಲ್ಕು ಸೆಕೆಂಡಿಗೂ ಹೆಚ್ಚು ಕಾಲ ಬೇಕು. ವ್ಯಾಪಾರಿ ಪಟ್ಟಿಗಳ ಅಳತೆ ೪೬೮ ಚುಕ್ಕೆ ಅಗಲ, ೬೦ ಚುಕ್ಕೆ ಎತ್ತರವೆಂದು ೧೯೯೬ರಲ್ಲಿಯೇ ನಿಷ್ಕರ್ಷೆಯಾಯಿತು. ಎಲ್ಲವೂ ಸೇರಿ ೨೮,೦೮೦ ಚುಕ್ಕೆಗಳು. ಜಿಫ್ ಎಂಬ ಚಿತ್ರಪ್ರಕಾರದಲ್ಲಿ ೨೫೬ಕ್ಕಿಂತ ಹೆಚ್ಚು ಬಣ್ಣಗಳಿಗೆ ಎಡೆಯಿಲ್ಲ. ಇಷ್ಟರೊಳಗೆ ಭಾಷಣ ಬರೆಯಹೊರಟರೆ ಅಕ್ಷರಗಳು ಇರುವೆಸಾಲಿನಂತಾಗುತ್ತವೆ. ಕಾಯಿದೆಯ ವಿವರ, ತರ್ಕ, ಆಕ್ಷೇಪಗಳೆಲ್ಲ ಚಿತ್ರವನ್ನು ಒತ್ತಿದಾಗ ತೆರೆಯುವ ಪುಟದಲ್ಲಿ. ಪಟ್ಟಿ ಬರಿಯ ಹೆಬ್ಬಾಗಿಲು.

ಈ ಚಿತ್ರ ಹಣ ಕೊಟ್ಟು ಕೊಂಡ ಜಾಗದಲ್ಲಿ ಕಾಣಿಸಿಕೊಳ್ಳಲಿಲ್ಲ ಎಂಬುದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮಹತ್ವದ ಸಂಗತಿ. ಯಾರು ಬೇಕಾದರೂ ನಕಲು ಮಾಡಿಕೊಂಡು ತಮ್ಮ ಪುಟದಲ್ಲಿ ಇಟ್ಟುಕೊಳ್ಳಬಹುದಾಗಿದ್ದಿತು. ವ್ಯಾಪಾರಿಯ ಪಟ್ಟಿ ಓದುಗನ ಕಣ್ಣನ್ನು ಸೆಳೆದರೆ ಸಾಕು. ಹೋರಾಟದ ಪಟ್ಟಿಯಾದರೋ ಮೊದಲು ಅದನ್ನು ಹೊರುವವನ ಮನಸ್ಸನ್ನು ಗೆಲ್ಲಬೇಕು: ನನ್ನ ಪುಟದಲ್ಲಿ, ನನ್ನ ಹೆಸರಿನ ಪಕ್ಕದಲ್ಲಿ, ನನ್ನ ತಾಯಿ ನೋಡುವ ಜಾಗದಲ್ಲಿ ಇದನ್ನು ಇಡಲು ನನಗೆ ಸಂಕೋಚವಿಲ್ಲ ಎಂದು ಅವನಿಗೆ ಅನ್ನಿಸಬೇಕು. ತೋಟಗಾರಿಕೆಯ ಪುಟವಿರಲಿ, ಗ್ರಂಥಾಲಯದ ಪುಟವಿರಲಿ, ನೀಲಿ ರಿಬ್ಬನ್ ಎಲ್ಲಿಯೂ ಅಸಂಗತವೆನಿಸುತ್ತಿರಲಿಲ್ಲ. ಮೆಂಫಿಸ್ಸಿನ ಫಲಕದ ಗುಣ ಇದೇ ಅಲ್ಲವೆ? ಕುರೋಮಿಯಾ ಅವರ ಭಿತ್ತಿಪತ್ರದಲ್ಲಿ ಧೈರ್ಯವಿದ್ದಿತು, ಈ ಗುಣ ಇರಲಿಲ್ಲ. ಹಾಗೆಂದು ಅದನ್ನು ಹಳಿಯಲಾರೆ; ಕೂಗಬೇಕಾದ ಕಾಲಗಳೂ ಉಂಟು.

ಕಾಯಿದೆಗೆ ಸಹಿ ಬಿದ್ದ ಬಳಿಕ ೪೮ ಗಂಟೆಗಳ ಕಾಲ ಯಾಹೂ ಸೇರಿದಂತೆ ಅನೇಕ ಜಾಲತಾಣಗಳು ತಮ್ಮ ಪುಟಗಳನ್ನು ಕಪ್ಪಾಗಿಸಿ ಪ್ರತಿಭಟಿಸಿದವು. ಹಿನ್ನೆಲೆಯ ಬಣ್ಣವನ್ನು ಸೂಚಿಸುವ ಸಂಕೇತದಲ್ಲಿ ಆರು ಸೊನ್ನೆಗಳನ್ನು ಬರೆದರೆ ಪುಟವೆಲ್ಲ ಕಪ್ಪು! ಅಕ್ಷರಗಳ ಬಣ್ಣವನ್ನೂ ಬದಲಿಸಲು ಮರೆತರೆ ಮಾತ್ರ ಕಪ್ಪಿನ ಮೇಲೆ ಕಪ್ಪಾಗಿ ಏನೂ ಓದಿಸದು. ಕಪ್ಪು ಪುಟ ಎರಡು ದಿನ ಬೆಚ್ಚಿಬೀಳಿಸಿತು. ರಿಬ್ಬನ್ ತಿಂಗಳುಗಟ್ಟಲೆ ಉಳಿಯಿತು.

ನ್ಯಾಯಾಲಯದ ಮೆಟ್ಟಿಲೇರಿದ್ದು ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್. ಅದರೊಡನೆ ಅರ್ಜಿದಾರರಾಗಿ ನಿಂತವರಲ್ಲಿ ಅದೇ ಕಿಯೋಶಿ ಕುರೋಮಿಯಾ ಒಬ್ಬರು. ಆ ವೇಳೆಗೆ ಅವರು ಸ್ವತಃ ಏಡ್ಸ್ ಪೀಡಿತರಾಗಿ, ಫಿಲಡೆಲ್ಫಿಯಾದಲ್ಲಿ ಕ್ರಿಟಿಕಲ್ ಪಾತ್ ಎಂಬ ಯೋಜನೆಯ ಮೂಲಕ ಆ ರೋಗದ ಚಿಕಿತ್ಸೆ ಮತ್ತು ತಡೆಯ ಮಾಹಿತಿಯನ್ನು ಅಂತರಜಾಲದಲ್ಲಿ ಉಚಿತವಾಗಿ ಹಂಚುತ್ತಿದ್ದರು. ರೋಗ ಹೇಗೆ ಹರಡುತ್ತದೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳದಿದ್ದರೆ ಹದಿಹರೆಯದವನ ಪ್ರಾಣಕ್ಕೆ ಅಪಾಯ. ಹೇಳಿದರೆ ಹೇಳಿದವನಿಗೆ ಸೆರೆಮನೆಯ ಭಯ. ೧೯೬೮ರಲ್ಲಿ ಒಂದು ಶಬ್ದಕ್ಕಾಗಿ ಬಂಧಿತನಾದ ವ್ಯಕ್ತಿ ಈಗ ಔಷಧದ ಮಾತಿಗಾಗಿ ನ್ಯಾಯ ಕೇಳಬೇಕಾಯಿತು. ೧೯೯೬ರ ಜೂನ್‌ನಲ್ಲಿ ಫಿಲಡೆಲ್ಫಿಯಾದ ತ್ರಿಸದಸ್ಯ ಪೀಠ ಕಾಯಿದೆಗೆ ತಡೆ ನೀಡಿತು. ೧೯೯೭ರ ಜೂನ್ ೨೬ರಂದು ಸರ್ವೋಚ್ಚ ನ್ಯಾಯಾಲಯವು ಅಸಭ್ಯತೆಗೆ ಸಂಬಂಧಿಸಿದ ಆ ನಿಬಂಧನೆಗಳನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿತು. ಗೆದ್ದದ್ದು ವಾದದಿಂದ, ಚಿತ್ರದಿಂದಲ್ಲ. ಆದರೆ ವಾದವೊಂದು ನಡೆಯುತ್ತಿದೆ ಎಂಬುದನ್ನು ಮನೆಮನೆಗೆ ಮುಟ್ಟಿಸಿದ್ದು ಚಿತ್ರವೇ.

ಇಂದು ಇಂತಹ ಪಟ್ಟಿಯನ್ನು ರೂಪಿಸುವ ತರುಣರು ನಮ್ಮಲ್ಲಿಯೂ ಇದ್ದಾರೆ. ಮೊಬೈಲಿನಲ್ಲಿ ರೂಢಿಯ ಅಳತೆ ೩೨೦ಕ್ಕೆ ೫೦ ಚುಕ್ಕೆ, ಹಿಂದಿನದಕ್ಕಿಂತಲೂ ಇಕ್ಕಟ್ಟು. ಅವರು ಒಂದು ಸಂಗತಿಯನ್ನು ಮರೆಯಬಾರದು. ಚಿತ್ರ ಕಾಣದವರಿಗಾಗಿ ಅದರ ಹಿಂದೆ ಬರಹವೊಂದನ್ನು ಇಡುವ ಏರ್ಪಾಡು ಆಗಿನಿಂದಲೂ ಇದೆ. ಅಂಧರ ಯಂತ್ರ ಅದನ್ನು ಓದಿ ಹೇಳುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ನಾಲ್ಕೂವರೆಗೆ ಒಂದರಷ್ಟಾದರೂ ಇರಬೇಕು, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗಬಾರದು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅತಿಯಾದ ಮಿನುಗು ಮೂರ್ಛೆರೋಗಿಗಳಿಗೆ ಅಪಾಯಕರ. ಎಲ್ಲರ ಹಕ್ಕಿನ ಮಾತನಾಡುವ ಪಟ್ಟಿಯೇ ಕೆಲವರನ್ನು ಹೊರಗಿಟ್ಟರೆ ಏನೆನ್ನೋಣ!

ಕುರೋಮಿಯಾ ಅವರು ೨೦೦೦ದ ಮೇ ತಿಂಗಳಲ್ಲಿ ಕಾಲವಾದರು. ಹದಿನೈದು ವರ್ಷಗಳ ತರುವಾಯ, ೨೦೧೫ರ ಮಾರ್ಚ್ ೨೪ರಂದು, ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಎ ವಿಧಿಯನ್ನು ರದ್ದುಗೊಳಿಸಿತು. ಅಂತರಜಾಲದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಬರೆಯುವುದನ್ನೂ ಅಪರಾಧವಾಗಿಸಿದ್ದ ವಿಧಿ ಅದು. ಅಲ್ಲಿಯೂ ದೋಷವೆಂದರೆ ಪದಗಳ ಅಸ್ಪಷ್ಟತೆಯೇ. ನ್ಯಾಯಮೂರ್ತಿ ನಾರಿಮನ್ ಅವರು ಬರೆದ ಆ ತೀರ್ಪಿನಲ್ಲಿ, ಕುರೋಮಿಯಾ ಅರ್ಜಿದಾರರಾಗಿದ್ದ ೧೯೯೭ರ ಅಮೆರಿಕೆಯ ತೀರ್ಪಿನ ಉಲ್ಲೇಖವಿದೆ.