ಚೊಂಗ್ಗ್ಯೇಚೊನ್ ಹೊಳೆಯ ಜೀವಿಗಣನೆ: ಒಂದು ಐತಿಹಾಸಿಕ ವಿವೇಚನೆ

ದಕ್ಷಿಣ ಕೊರಿಯಾದ ರಾಜಧಾನಿಯಾದ ಸಿಯೋಲ್ ನಗರದ ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಚೊಂಗ್ಗ್ಯೇಚೊನ್ ಎಂಬ ಒಂದು ಚಿಕ್ಕ ಹೊಳೆ ಹರಿಯುತ್ತದೆ. ಹಲವು ದಶಕಗಳ ಕಾಲ ಕಾಂಕ್ರೀಟಿನ ಕೆಳಗೆ ಹೂತುಹೋಗಿದ್ದ ಈ ಹೊಳೆಯನ್ನು 2003ರಿಂದ 2005ರವರೆಗೆ ಅಗೆದು ತೆರೆದು ಮತ್ತೆ ಬೆಳಕಿಗೆ ತಂದರು. ಅಂದಿನಿಂದ ಅದರ ನೀರನ್ನೂ ಅದರೊಳಗಿನ ಜೀವಿಗಳನ್ನೂ ನಿಯತವಾಗಿ ಪರೀಕ್ಷಿಸಿ ಲೆಕ್ಕವಿಡಲಾಗಿದೆ. ಸತ್ತ ಹೊಳೆಯೊಂದನ್ನು ಬದುಕಿಸಬಹುದೆಂಬುದಕ್ಕೆ ಆ ಲೆಕ್ಕವನ್ನೇ ಪ್ರಮಾಣವಾಗಿ ಲೋಕವೆಲ್ಲ ಉದ್ಧರಿಸುತ್ತದೆ. ಮೀನು ಹುಳುಗಳ ಲೆಕ್ಕ ಪ್ರಾಣಿಶಾಸ್ತ್ರಜ್ಞರ ಕ್ಷೇತ್ರ, ಇತಿಹಾಸದ ಅಧ್ಯಾಪಕರಿಗೆ ಇಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಯಾವ ಗಣನೆಯೂ ಒಂದು ದಾಖಲೆಯೇ. ದಾಖಲೆ ಎಂದಮೇಲೆ ಅದನ್ನು ಯಾರು, ಎಂದು, ಯಾವುದಕ್ಕೆ ಹೋಲಿಸಿ ಬರೆದರೆಂದು ವಿಚಾರಿಸುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಆ ಪಾಠವನ್ನು ಈ ಹೊಳೆಗೆ ಅನ್ವಯಿಸಿ ನೋಡುವುದಷ್ಟೇ ಇಲ್ಲಿ ನಮ್ಮ ಉದ್ದೇಶ.

ಈ ಹೊಳೆಯನ್ನು ಅಳೆಯುವ ಪದ್ಧತಿ ಹೊಸದೇನೂ ಅಲ್ಲ. ಚೋಸನ್ ವಂಶದ ಅರಸರು 1394ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದಾಗ, ಸುತ್ತಲ ಬೆಟ್ಟಗಳ ನೀರೆಲ್ಲ ಊರ ನಡುವಣ ಈ ತಗ್ಗಿಗೇ ಬಂದು ಬೀಳುತ್ತಿತ್ತು. 1412ರ ಹೊತ್ತಿಗೆ ಥೇಜೊಂಗ್ ಅರಸನ ಕಾಲದಲ್ಲಿ ಅದನ್ನು ತೋಡಿ ದಡಗಟ್ಟಿದರು. ಅಂದಿನ ಹೆಸರು 'ಗೇಚೊನ್', ಎಂದರೆ ತೋಡಿದ ಹೊಳೆ. ನಮ್ಮ ಕಡೆಯ ರಾಜಕಾಲುವೆ ಎಂಬ ಮಾತಿಗೆ ಬಹಳ ಸಮೀಪವಾದ ಅರ್ಥ. 1441ರಲ್ಲಿ ಸೇಜೊಂಗ್ ಅರಸನು ಮಳೆಯನ್ನು ಅಳೆಯುವ ಪಾತ್ರೆಯ ಜೊತೆಗೆ, ಹೊಳೆಯ ನೀರಿನ ಮಟ್ಟವನ್ನು ಅಳೆಯಲು ಸೇತುವೆಯೊಂದರ ಪಕ್ಕದಲ್ಲಿ ಅಳತೆಯ ಕಂಬವನ್ನು ನೆಡಿಸಿದನು. (ಮಳೆಯನ್ನು ದ್ರೋಣದ ಲೆಕ್ಕದಲ್ಲಿ ಹೇಳುವ ಕೌಟಿಲ್ಯನ ಅರ್ಥಶಾಸ್ತ್ರದ ಮಾತು ವಿದ್ಯಾರ್ಥಿಗಳಿಗೆ ಇಲ್ಲಿ ನೆನಪಾಗಬಹುದು.) ಮೊದಲು ಮರದ್ದಾಗಿದ್ದ ಈ 'ಸುಪ್ಯೊ' ಅನಂತರ ಕಲ್ಲಿನದಾಯಿತು, ಸೇತುವೆಗೂ ಸುಪ್ಯೊಗ್ಯೊ ಎಂಬ ಹೆಸರು ನಿಂತಿತು. ಉಳಿದು ಬಂದಿರುವ ಕಲ್ಲುಗಂಬ ಸುಮಾರು ಮೂರು ಮೀಟರ್ ಎತ್ತರವಾಗಿದ್ದು ಅದರ ಮೇಲೆ ಒಂದರಿಂದ ಹತ್ತು 'ಚೊಕ್'ವರೆಗೆ ಗೆರೆಗಳಿವೆ. ಒಂದು ಚೊಕ್ ಎಂದರೆ ನಮ್ಮ ಒಂದು ಗೇಣು ಎನ್ನಬಹುದು. ಹಿಂಬದಿಯಲ್ಲಿ ಮೂರು, ಆರು, ಒಂಬತ್ತನೆಯ ಗೆರೆಗಳಿಗೆ ಪ್ರತ್ಯೇಕ ಗುರುತುಗಳುಂಟು. ಮೂರಕ್ಕೆ ಇಳಿದರೆ ಬರ, ಆರಕ್ಕೆ ನಿಂತರೆ ಸಹಜ, ಒಂಬತ್ತಕ್ಕೆ ಏರಿದರೆ ಪ್ರವಾಹದ ಭಯ.

ನಾವು ಇಲ್ಲಿ ಗಮನಿಸಬೇಕಾದದ್ದು ಆ ಆರನೆಯ ಗೆರೆಯನ್ನು. ಅಳತೆ ಯಾರು ಬೇಕಾದರೂ ಮಾಡಬಹುದು. 'ಸಹಜ' ಎಂಬುದು ಎಲ್ಲಿದೆಯೆಂದು ಮೊದಲೇ ಕಲ್ಲಿನ ಮೇಲೆ ಕೆತ್ತಿಡುವುದು ಮಾತ್ರ ಬೇರೆಯೇ ಬಗೆಯ ವಿವೇಕ. ಇದಕ್ಕಿಂತ ಸ್ವಾರಸ್ಯವಾದ ನಿದರ್ಶನ 1760ರದು. ಹದಿನೇಳನೆಯ ಶತಮಾನದಿಂದಾಚೆಗೆ ರಾಜಧಾನಿಯ ಜನಸಂಖ್ಯೆ ಬೆಳೆದು, ಸೌದೆಗಾಗಿ ಬೆಟ್ಟಗಳು ಬೋಳಾಗಿ, ಮಣ್ಣು ಕೊಚ್ಚಿಬಂದು ಹೊಳೆಯ ಪಾತ್ರ ಹೂಳಿನಿಂದ ತುಂಬಿತು. ಯೊಂಗ್ಜೊ ಅರಸನು 57 ದಿನಗಳ ಕಾಲ ಎರಡು ಲಕ್ಷಕ್ಕೂ ಮಿಕ್ಕ ಆಳುಗಳ ದುಡಿಮೆಯಿಂದ ಹೂಳೆತ್ತಿಸಿದನು. ಎತ್ತಿದ ಹೂಳೇ ಊರ ಪೂರ್ವದ ಕಡೆ ಗುಡ್ಡವಾಗಿ ನಿಂತಿತಂತೆ. ಕೆಲಸ ಮುಗಿದ ಮೇಲೆ ಸುಪ್ಯೊಗ್ಯೊ ಸೇತುವೆಯ ಕಂಬದ ಮೇಲೆ ನಾಲ್ಕು ಅಕ್ಷರಗಳನ್ನು ಕೆತ್ತಿಸಿದರು: 'ಗ್ಯೊಂಗ್ಜಿನ್ ಜಿಪ್ಯೊಂಗ್', ಎಂದರೆ ಗ್ಯೊಂಗ್ಜಿನ್ ಸಂವತ್ಸರದ ನೆಲಮಟ್ಟ. ಮುಂದೆ ಎಷ್ಟು ಹೂಳು ಕೂಡಿದೆ, ಎಷ್ಟು ಆಳಕ್ಕೆ ತೆಗೆಯಬೇಕು ಎಂಬುದು ಮುಂದಿನವರಿಗೆ ಈ ಅಕ್ಷರಗಳಿಂದ ತಿಳಿಯಬೇಕು. ಉದ್ಧಾರದ ಕಾರ್ಯವೊಂದು ತನ್ನ ಮೂಲರೇಖೆಯನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಇನ್ನೊಂದು ಉದಾಹರಣೆಯನ್ನು ನಾವು ಕಂಡಿಲ್ಲ.

ಈ ಗೆರೆಗಳೆಲ್ಲ ನೀರಿನ ಮಟ್ಟವನ್ನು ಅಳೆದವೇ ಹೊರತು ನೀರಿನ ಗುಣವನ್ನಲ್ಲ, ನಿಜ. ಗುಣದ ಪ್ರಶ್ನೆ ಎದ್ದಿರಲಿಲ್ಲವೆಂದು ಮಾತ್ರ ಭಾವಿಸಬಾರದು. 1444ರಲ್ಲಿ ಸೇಜೊಂಗನ ಆಸ್ಥಾನದಲ್ಲಿ ಇದರ ಮೇಲೆ ವಾದವೇ ನಡೆಯಿತು. ಅರಮನೆಯ ಮುಂದಣ ನೀರು ನಿರ್ಮಲವಾಗಿರಬೇಕು, ಹೊಳೆಗೆ ಹೊಲಸು ಎಸೆಯುವುದನ್ನು ನಿಷೇಧಿಸಬೇಕು ಎಂದು ಭೂಲಕ್ಷಣಶಾಸ್ತ್ರವನ್ನು ನಂಬಿದವರ ಬಿನ್ನಹ. ಒ ಹ್ಯೊಚೊಮ್ ಎಂಬ ವಿದ್ವಾಂಸನು ಇದನ್ನು ವಿರೋಧಿಸಿದನು: ಜನ ಕಿಕ್ಕಿರಿದು ವಾಸಿಸುವ ರಾಜಧಾನಿಯಲ್ಲಿ ಕೊಳೆ ಹುಟ್ಟಿಯೇ ತೀರುತ್ತದೆ, ಅದನ್ನು ಹೊತ್ತೊಯ್ಯಲು ಒಂದು ಹೊಳೆ ಇರಲೇಬೇಕು ಎಂಬುದು ಅವನ ವಾದದ ತಿರುಳು. ಅರಸನು ಒಪ್ಪಿದ್ದು ಈ ಎರಡನೆಯ ಮಾತನ್ನು. ಆದ್ದರಿಂದ, ಹಿಂದೆ ಸ್ಫಟಿಕದಂತಿದ್ದ ಹೊಳೆಯನ್ನು ಆಧುನಿಕ ಕಾಲ ಕೆಡಿಸಿತೆಂದೂ ಈಗ ಹಿಂದಿನ ಸ್ಥಿತಿಗೇ ತಂದರೆಂದೂ ಹೇಳುವ ಕಥೆಗೆ ದಾಖಲೆಗಳ ಬೆಂಬಲವಿಲ್ಲ.

ಮುಂದಿನ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. 1950-53ರ ಯುದ್ಧದ ತರುವಾಯ ನಿರಾಶ್ರಿತರು ದಡದುದ್ದಕ್ಕೂ ಜೋಪಡಿ ಕಟ್ಟಿದರು. ಹೊಳೆ ಬಯಲು ಚರಂಡಿಯಾಯಿತು. 1958ರಲ್ಲಿ ಅದನ್ನು ಕಾಂಕ್ರೀಟಿನಿಂದ ಮುಚ್ಚಲು ಆರಂಭಿಸಿ 1970ರ ದಶಕದವರೆಗೆ ಹಂತಹಂತವಾಗಿ ಮುಂದುವರಿಸಿದರು. ಮೇಲೆ ಎತ್ತರಿಸಿದ ಹೆದ್ದಾರಿಯೂ ಬಂದಿತು. ನಗರದ ಮೇಯರ್ ಆಗಿದ್ದ ಲೀ ಮ್ಯುಂಗ್-ಬಾಕ್ ಅವರ ಕಾಲದಲ್ಲಿ, 2003ರ ಜುಲೈ 1ರಂದು ಹೆದ್ದಾರಿಯನ್ನು ಕೆಡವುವ ಕೆಲಸ ಮೊದಲಾಗಿ, 2005ರ ಅಕ್ಟೋಬರ್ 1ರಂದು ಸುಮಾರು 5.8 ಕಿಲೋಮೀಟರ್ ಉದ್ದದ ಹೊಳೆ ಜನರಿಗೆ ತೆರೆಯಿತು.

ಇನ್ನು ಜೀವಿಗಣನೆಗೆ ಬರೋಣ. 2003ರಿಂದ 2008ರ ಕೊನೆಯವರೆಗಿನ ಲೆಕ್ಕದಂತೆ ಸಸ್ಯಪ್ರಭೇದಗಳು 62ರಿಂದ 308ಕ್ಕೂ, ಮೀನುಗಳು 4ರಿಂದ 25ಕ್ಕೂ, ಪಕ್ಷಿಗಳು 6ರಿಂದ 36ಕ್ಕೂ, ನೀರಿನಲ್ಲಿರುವ ಅಕಶೇರುಕಗಳು 5ರಿಂದ 53ಕ್ಕೂ, ಕೀಟಗಳು 15ರಿಂದ 192ಕ್ಕೂ, ಸಸ್ತನಿಗಳು 2ರಿಂದ 4ಕ್ಕೂ, ಉಭಯಚರಗಳು 4ರಿಂದ 8ಕ್ಕೂ ಏರಿದುವು. ಇದನ್ನೇ ಒಟ್ಟುಗೂಡಿಸಿ ಜೀವವೈವಿಧ್ಯ ಶೇಕಡ 639ರಷ್ಟು ಹೆಚ್ಚಿತೆಂದು ಪುಸ್ತಕದಿಂದ ಪುಸ್ತಕಕ್ಕೆ ಬರೆಯುತ್ತ ಬಂದಿದ್ದಾರೆ. ವಾಚಕರು ದಯವಿಟ್ಟು ಒಂದು ಕಾಗದ ತೆಗೆದುಕೊಂಡು ಕೂಡಿ ನೋಡಬೇಕು. ಮೊದಲಿನ ಮೊತ್ತ 98, ಅನಂತರದ್ದು 626. ಎಂದರೆ 6.39 ಪಟ್ಟು ಆಯಿತು. ಹೆಚ್ಚಳ ಶೇಕಡ 539 ಮಾತ್ರ! 'ಅಷ್ಟು ಪಟ್ಟು ಆಯಿತು' ಎಂಬುದನ್ನು 'ಅಷ್ಟು ಹೆಚ್ಚಿತು' ಎಂದು ಯಾರೋ ಒಮ್ಮೆ ಬರೆದರು, ಮಿಕ್ಕವರು ನಕಲು ಮಾಡಿದರು. ಶಾಸನಪಾಠಗಳಲ್ಲಿ ಲಿಪಿಕಾರನ ತಪ್ಪು ಪ್ರತಿಯಿಂದ ಪ್ರತಿಗೆ ಇಳಿಯುವುದನ್ನು ಬಲ್ಲ ನಮಗೆ ಇದು ಹೊಸದಲ್ಲ.

ಕೂಡಿಕೆಯ ತಪ್ಪು ಚಿಕ್ಕದು. ಕೂಡಿದ್ದೇ ದೊಡ್ಡ ತಪ್ಪು. ಹೆಚ್ಚಿದ 528 ಪ್ರಭೇದಗಳಲ್ಲಿ 246 ಸಸ್ಯಗಳು, 177 ಕೀಟಗಳು. ಇವೆರಡೇ ಐದರಲ್ಲಿ ನಾಲ್ಕು ಭಾಗವಾದವು. ದಡದ ಗಿಡಗಳಲ್ಲಿ ಎಷ್ಟನ್ನೋ ಕಾಮಗಾರಿಯ ಭಾಗವಾಗಿಯೇ ನೆಟ್ಟದ್ದು. ನೆಟ್ಟ ಗಿಡವನ್ನೂ ತಾನಾಗಿ ಈಜಿಬಂದ ಮೀನನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ನೀರಿನ ಆರೋಗ್ಯದ ಬಗ್ಗೆ ಏನು ತಿಳಿದೀತು? ಇನ್ನೂ ಮುಖ್ಯವಾಗಿ, ಆರಂಭದ ವರ್ಷ 2003 ಎಂಬುದನ್ನು ನೋಡಬೇಕು. ಅಂದು ಅದು ಕತ್ತಲೆಯ ಕೊಳವೆಯಾಗಿತ್ತು. ಕತ್ತಲೆಗೆ ಹೋಲಿಸಿದರೆ ಎಂಥ ಬೆಳಕೂ ದೊಡ್ಡದಾಗಿಯೇ ಕಾಣುತ್ತದೆ. 1760ರವರು ತಾವು ಮುಟ್ಟಿಸಿದ ತಳವನ್ನು ಗುರುತು ಮಾಡಿದರು, ಹಿಂದಿನ ಹೂಳನ್ನಲ್ಲ; ನಮ್ಮ ಕಾಲದವರು ಹೂಳನ್ನೇ ಮೂಲರೇಖೆಯಾಗಿ ಹಿಡಿದಿದ್ದಾರೆ.

ಹಾಗಾದರೆ ಹೊಳೆಯ ಆರೋಗ್ಯವನ್ನು ತಿಳಿಯುವ ಸರಿಯಾದ ದಾರಿ ಯಾವುದು? ವಿಜ್ಞಾನಿಗಳು ಎರಡು ಬಗೆಯ ಸಾಕ್ಷಿಗಳನ್ನು ವಿಚಾರಿಸುತ್ತಾರೆ. ಮೊದಲನೆಯದು ನೀರೇ. ನೀರಿನಲ್ಲಿ ಕರಗಿರುವ ಆಮ್ಲಜನಕ ಎಷ್ಟಿದೆಯೆಂದು ನೋಡುತ್ತಾರೆ; 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು, ಬಿಸಿಯೇರಿದಂತೆ ಈ ಶಕ್ತಿ ಕುಗ್ಗುತ್ತದೆ. ಅನಂತರ ಮಾದರಿಯನ್ನು ಸೀಸೆಯಲ್ಲಿ ಮುಚ್ಚಿ ಕತ್ತಲೆಯಲ್ಲಿ ಐದು ದಿನ ಇಟ್ಟು, ಅದರೊಳಗಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕವನ್ನು ತಿಂದುವೆಂದು ಲೆಕ್ಕ ಮಾಡುತ್ತಾರೆ. ಇದೇ ಜೈವಿಕ ಆಮ್ಲಜನಕ ಬೇಡಿಕೆ. ಇಂಗ್ಲೆಂಡಿನ ರಾಜಾಯೋಗವೊಂದು 1912ರ ವರದಿಯಲ್ಲಿ ಇದನ್ನು ಮಾನದಂಡವಾಗಿ ನಿಲ್ಲಿಸಿತು. ಐದೇ ದಿನವೇಕೆಂದರೆ, ಆ ದ್ವೀಪದ ಯಾವ ನದಿಯ ನೀರೂ ಸಮುದ್ರ ಸೇರಲು ಅದಕ್ಕಿಂತ ಹೆಚ್ಚು ಕಾಲ ಬೇಕಿಲ್ಲವೆಂದು ಹೇಳುವುದುಂಟು. ಕೊರಿಯಾದ ಮಾನದಂಡದಲ್ಲಿ ಈ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ಮೀರದ ನದಿ ಎರಡನೆಯ ದರ್ಜೆಯದು. 10 ಮೀರಿದರೆ ತೀರ ಕೆಟ್ಟದ್ದು.

ಎರಡನೆಯ ಸಾಕ್ಷಿ ತಳದ ಜೀವಿಗಳು. ಸೀಸೆಯ ನೀರು ತುಂಬಿಸಿದ ಆ ಕ್ಷಣದ ಸುದ್ದಿಯನ್ನಷ್ಟೇ ಹೇಳುತ್ತದೆ. ನಿನ್ನೆ ರಾತ್ರಿ ಹರಿದುಹೋದ ವಿಷ ಇಂದು ಬೆಳಗಿನ ಸೀಸೆಯಲ್ಲಿ ಸಿಕ್ಕುವುದಿಲ್ಲ. ಕಲ್ಲಿನಡಿ ತಿಂಗಳುಗಟ್ಟಲೆ ಬಾಳುವ ಹುಳುವಿಗೆ ಓಡಿಹೋಗಲು ದಾರಿಯಿಲ್ಲ. ಅದು ಇದ್ದಿತೋ ಸತ್ತಿತೋ ಎಂಬುದೇ ಕಳೆದ ತಿಂಗಳುಗಳ ಚರಿತ್ರೆ. ಒಂದಡಿ ಚೌಕದ ಚೌಕಟ್ಟನ್ನು ತಳದ ಮೇಲಿಟ್ಟು, ಕಲ್ಲುಗಳನ್ನು ತಿಕ್ಕಿ ಕದಡಿ, ಕೆಳಗಡೆ ಹಿಡಿದ ಬಲೆಯಲ್ಲಿ ಬಂದುದನ್ನು ಎಣಿಸುತ್ತಾರೆ. ಮೇಫ್ಲೈ ಎಂಬ ಅಲ್ಪಾಯುಷಿ ಕೀಟದ ಮರಿಗಳು ಹೆಚ್ಚಾಗಿ ಸಿಕ್ಕರೆ ಆಮ್ಲಜನಕ ಸಮೃದ್ಧವೆಂದು ತಿಳಿಯಬೇಕು. ಕೆಂಪು ದಾರದಂತಹ ಟ್ಯೂಬಿಫೆಕ್ಸ್ ಹುಳುಗಳೂ ಸೊಳ್ಳೆಯನ್ನು ಹೋಲುವ ಕೈರೊನೊಮಿಡ್ ನೊಣದ ಕೆಂಪು ಮರಿಗಳೂ ಮಾತ್ರ ಉಳಿದಿದ್ದರೆ ಕೊಳೆ ಬಲವಾಗಿದೆ. ಆ ಕೆಂಪು ಅಲ್ಪ ಆಮ್ಲಜನಕವನ್ನೂ ಹಿಡಿದುಕೊಳ್ಳುವ ಹೀಮೊಗ್ಲೊಬಿನ್‌ನ ಬಣ್ಣ. ಜರ್ಮನಿಯ ಕೋಲ್ಕ್‌ವಿಟ್ಜ್ ಮತ್ತು ಮಾರ್ಸನ್ ಎಂಬ ವಿಜ್ಞಾನಿಗಳು 1908-09ರಲ್ಲೇ ಹೀಗೆ ಜೀವಿಗಳಿಂದ ನೀರಿನ ದರ್ಜೆಯನ್ನು ಓದುವ ಕ್ರಮವನ್ನು ರೂಪಿಸಿದ್ದರು. ಎಷ್ಟು ಪ್ರಭೇದಗಳು ಎಂಬುದಕ್ಕಿಂತ ಯಾವ ಪ್ರಭೇದಗಳು ಎಂಬುದೇ ಇಲ್ಲಿ ನಿರ್ಣಾಯಕ.

ಚೊಂಗ್ಗ್ಯೇಚೊನ್ನಿನ ವಿಷಯದಲ್ಲಿ ಈ ಎರಡು ಸಾಕ್ಷಿಗಳೂ ಒಂದೇ ಮಾತನ್ನು ಹೇಳಲಾರವು. ಏಕೆಂದರೆ ಇಂದು ಅಲ್ಲಿ ಹರಿಯುವುದು ಬೆಟ್ಟದ ನೀರಲ್ಲ. ಮೇಲಣ ಕವಲುಗಳು ನಗರದ ಕೆಳಗೆ ಅಡಗಿ ಹೋಗಿರುವುದರಿಂದ, ಹಾನ್ ನದಿಯಿಂದ ಎತ್ತಿ ಶುದ್ಧಿಮಾಡಿದ ನೀರಿಗೆ ಸುರಂಗ ರೈಲುಮಾರ್ಗದ ನಿಲ್ದಾಣಗಳಲ್ಲಿ ಊರುವ ಅಂತರ್ಜಲವನ್ನು ಸೇರಿಸಿ, ದಿನಕ್ಕೆ ಸುಮಾರು 1,20,000 ಟನ್ನುಗಳನ್ನು ಹೊಳೆಗೆ ಬಿಡುವಂತೆ ಯೋಜಿಸಿದರು. ಸೀಸೆಯ ಪರೀಕ್ಷೆ ಒಳ್ಳೆಯ ಫಲ ಕೊಟ್ಟರೆ ಅದು ಬಹುಮಟ್ಟಿಗೆ ಶುದ್ಧೀಕರಣ ಯಂತ್ರಕ್ಕೆ ಕೊಟ್ಟ ಅಂಕ. ಮಳೆಗಾಲದಲ್ಲಿ ಕಥೆ ಬೇರೆ. ಹಳೆಯ ನಗರದಲ್ಲಿ ಮಳೆನೀರಿಗೂ ಮನೆಯ ಕೊಳೆನೀರಿಗೂ ಒಂದೇ ಮೋರಿ. ಬಿರುಮಳೆ ಸುರಿದಾಗ ಮೋರಿ ತುಂಬಿ, ದಡದ ಗೋಡೆಯಲ್ಲಿರುವ ಬಾಗಿಲುಗಳು ತೆರೆದು ಎಲ್ಲವೂ ಹೊಳೆಗೆ ನುಗ್ಗುತ್ತದೆ. ಅಂಥ ಮಳೆಯ ಮರುದಿನ ಮೀನುಗಳು ಸತ್ತು ತೇಲಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. ನಮ್ಮ ಸೆಮಿನಾರಿನಲ್ಲಿ ಒಬ್ಬ ವಿದ್ಯಾರ್ಥಿ ಇದನ್ನು ಕೇಳಿ, ಹಾಗಾದರೆ ಒ ಹ್ಯೊಚೊಮನ ಹೊಳೆ ಇನ್ನೂ ಬದುಕಿದೆ ಎಂದನು. ಅವನ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮೀನುಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಬೀಸುಬಲೆಗೆ ಸಿಕ್ಕ ಮೀನು ಕೆಳಗಣ ಜುಂಗ್ನಾಂಗ್ ಹೊಳೆಯಿಂದ ತಾನೇ ಏರಿ ಬಂದಿತೋ ಯಾರಾದರೂ ತಂದು ಬಿಟ್ಟರೋ ಎಂಬುದನ್ನು ಬಲೆ ಹೇಳುವುದಿಲ್ಲ. ಈ ಸಂಶಯ ಅಲ್ಲಿಯೂ ಚರ್ಚೆಗೆ ಬಂದಿತ್ತು. ಒಂದೇ ಸ್ಥಳವನ್ನು, ಒಂದೇ ಋತುವಿನಲ್ಲಿ, ಒಂದೇ ಬಲೆಯಿಂದ ವರ್ಷವರ್ಷವೂ ನೋಡಿ, ಮೊಟ್ಟೆಯೊಡೆದ ಮರಿಗಳೂ ಸಿಕ್ಕುತ್ತಿವೆಯೇ ಎಂದು ಬರೆದಿಟ್ಟರೆ ಮಾತ್ರ ಸಂಶಯ ಕಳೆದೀತು. ಅತಿಥಿ ಯಾರು, ಒಕ್ಕಲು ಯಾರು ಎಂಬುದು ಮರಿಗಳಿಂದಲೇ ತಿಳಿಯತಕ್ಕದ್ದು.

ಇಷ್ಟು ಹೇಳಿದ ಮಾತ್ರಕ್ಕೆ ಈ ಕಾರ್ಯ ವ್ಯರ್ಥವೆಂದು ನಮ್ಮ ಅಭಿಪ್ರಾಯವಲ್ಲ. ಐದು ಬಗೆಯ ಅಕಶೇರುಕಗಳಿದ್ದಲ್ಲಿ ಐವತ್ತಮೂರು ಕಂಡುಬಂದುದು ಪಂಪಿನ ನೀರಿನಲ್ಲೇ ಆದರೂ ಸಾಮಾನ್ಯ ಸಂಗತಿಯಲ್ಲ. ಹೆದ್ದಾರಿಯ ಕೆಳಗೆ ಅದು ಎಂದಿಗೂ ಸಾಧ್ಯವಿರಲಿಲ್ಲ. ನಮಗೆ ಒಪ್ಪಿಗೆಯಾಗದಿರುವುದು 'ಪುನರುದ್ಧಾರ' ಎಂಬ ಹೆಸರು. ಹಳೆಯ ಹೆಸರಿನ ಕೆಳಗೆ ಒಂದು ಹೊಸ ಹೊಳೆಯನ್ನು ಕಟ್ಟಿದರು. ಅದನ್ನು ಹೊಸ ಹೊಳೆಯೆಂದೇ ಪರೀಕ್ಷಿಸಬೇಕು. ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಸಾಗುವ ರಾಜಕಾಲುವೆಯನ್ನು ಕೆ-100 ಎಂಬ ಹೆಸರಿನಲ್ಲಿ ತಿದ್ದುವ ಕೆಲಸ 2021ರ ಸುಮಾರಿಗೆ ಮೊದಲಾದಾಗ ಈ ಕೊರಿಯಾದ ಹೊಳೆಯ ಹೆಸರೂ ಕೇಳಿಬಂದಿತು. ಅಲ್ಲಿನ ಕಟ್ಟೆ ಮೆಟ್ಟಿಲುಗಳನ್ನು ಅನುಕರಿಸುವುದು ಸುಲಭ. ಕೆಲಸಕ್ಕೆ ಕೈ ಹಾಕುವ ಮೊದಲೇ ತಳದ ಹುಳುಗಳನ್ನು ಎಣಿಸಿ, ಯಾವ ಮಟ್ಟವನ್ನು ಮುಟ್ಟಬೇಕೆಂದು ಬರೆದಿಡುವುದು ಅಷ್ಟು ಸುಲಭವಲ್ಲ, ಅದಕ್ಕೆ ಉದ್ಘಾಟನೆಯೂ ಇರುವುದಿಲ್ಲ.

ಕೊನೆಗೆ ಸುಪ್ಯೊಗ್ಯೊ ಸೇತುವೆಯ ಮಾತು. ಹೊಳೆಯನ್ನು ಮುಚ್ಚುವಾಗ, 1959ರಲ್ಲಿ, ಅದನ್ನು ಬಿಚ್ಚಿ ಜಾಂಗ್‌ಚುಂಗ್ದಾನ್ ಉದ್ಯಾನಕ್ಕೆ ಸಾಗಿಸಿದರು. ಅಳತೆಯ ಕಲ್ಲುಗಂಬವೂ ಜೊತೆಗೆ ಹೋಗಿ, 1973ರಲ್ಲಿ ಸೇಜೊಂಗ್ ಸ್ಮಾರಕ ಭವನದ ಅಂಗಳ ಸೇರಿತು. 2003ರ ಕಾಮಗಾರಿಯಲ್ಲಿ ಹಳೆಯ ಸೇತುವೆಯನ್ನು ಸ್ವಸ್ಥಾನಕ್ಕೆ ಮರಳಿಸುವ ವಿಚಾರ ಬಂದಿತು. ಸೇತುವೆಯ ಉದ್ದ ಸುಮಾರು 27 ಮೀಟರ್. ಹೊಸದಾಗಿ ಕಟ್ಟಿದ ಪಾತ್ರದ ಅಗಲ ಅದಕ್ಕಿಂತ ಕಡಿಮೆ. 'ಗ್ಯೊಂಗ್ಜಿನ್ ಜಿಪ್ಯೊಂಗ್' ಎಂಬ ಅಕ್ಷರಗಳನ್ನು ಹೊತ್ತ ಕಂಬ ಆ ಉದ್ಯಾನದಲ್ಲಿಯೇ ಉಳಿಯಿತು. ಹೊಳೆಯ ಮೇಲೆ ಅದೇ ಹೆಸರಿನ ಮರದ ಸೇತುವೆಯೊಂದನ್ನು ಹೊಸದಾಗಿ ಹಾಕಿದರು.