ನಡುಬೀದಿಯಲ್ಲೊಂದು ಮೊಸಳೆ!
ಹೊಂಡವನ್ನೇ ಕಲಾಶಾಲೆಯಾಗಿಸಿದ ಕುಂಚಗಾರ

ಕೊಡಿಗೇಹಳ್ಳಿಯಿಂದ ಬಳ್ಳಾರಿ ರಸ್ತೆಯನ್ನು ಹಿಡಿದು, ಹೆಬ್ಬಾಳವನ್ನು ದಾಟಿ ದಕ್ಷಿಣಕ್ಕೆ ಸಾಗಿದರೆ ರವೀಂದ್ರನಾಥ ಠಾಕೂರ್ ನಗರ ದೊರೆಯುತ್ತದೆ. ಜನರ ಬಾಯಲ್ಲಿ ಅದು ಆರ್.ಟಿ. ನಗರ. ವಿಶ್ವಕವಿಯ ಹೆಸರನ್ನು ಹೊತ್ತ ಈ ಬಡಾವಣೆಗೆ ಹೊಂದಿಕೊಂಡಿರುವ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ 2015ರ ಜೂನ್ ತಿಂಗಳ ಒಂದು ದಿನ ದಾರಿಹೋಕರೆಲ್ಲ ಬೆಚ್ಚಿ ನಿಂತರು. ನಡುರಸ್ತೆಯಲ್ಲಿ ಹಸುರು ನೀರಿನ ಕೊಳ. ಅದರೊಳಗೆ ಬಾಯ್ದೆರೆದು ಮಲಗಿದ ಮೊಸಳೆ!

ಮೊಸಳೆ ನಿರ್ಜೀವ, ಕೊಳವೂ ಹುಸಿ. ಹೊಂಡವೊಂದು ಮಾತ್ರ ನಿಜ. ನೀರಿನ ಕೊಳವೆ ಒಡೆದು ರಸ್ತೆ ಕುಸಿದು, ಸುಮಾರು 12 ಅಡಿ ಉದ್ದದ ಆ ಗುಂಡಿ ಬಹುದಿನಗಳಿಂದ ಹಾಗೆಯೇ ಬಿದ್ದಿತ್ತು. ಅದರ ಸುತ್ತ ಬಣ್ಣ ಬಳಿದು, ಸುಮಾರು 20 ಕಿಲೋ ತೂಕದ ಮೊಸಳೆಯನ್ನು ತಂದಿರಿಸಿದವರು ಕಲಾವಿದ ಶ್ರೀ ಬಾದಲ್ ನಂಜುಂಡಸ್ವಾಮಿಯವರು. ಇದಕ್ಕೆ ತಗುಲಿದ ವೆಚ್ಚ ಸುಮಾರು 6,000 ರೂಪಾಯಿ. ಅದೂ ಅವರ ಕೈಯಿಂದಲೇ. ಮಕ್ಕಳು ಮುತ್ತಿದರು, ಹಿರಿಯರು ನಕ್ಕರು, ಪತ್ರಿಕೆಗಳು ಚಿತ್ರವನ್ನು ಅಚ್ಚುಮಾಡಿದುವು. ಬಹುದಿನಗಳ ದೂರಿಗೆ ಕದಲದಿದ್ದ ಆಡಳಿತ ಮೊಸಳೆಯ ಮುಂದೆ ಕದಲಿತು. ಮರುದಿನವೇ ದುರಸ್ತಿ ಆರಂಭವಾಯಿತು.

ಕಾವಾದಿಂದ ಬೀದಿಗೆ

ನಂಜುಂಡಸ್ವಾಮಿಯವರು ಮೈಸೂರಿನವರು. ಅಲ್ಲಿಯ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಎಂದರೆ ‘ಕಾವಾ’, ಇವರ ವಿದ್ಯಾಸಂಸ್ಥೆ. ಚೌಕಟ್ಟು ಕಟ್ಟಿದ ಚಿತ್ರವನ್ನು ನೋಡಲು ಕಲಾಶಾಲೆಗೆ ಹೋಗುವವರು ಕೆಲವರು. ಬೀದಿಯಲ್ಲಿ ನಡೆಯುವವರು ಎಲ್ಲರೂ. ಆದುದರಿಂದ ಅವರ ಕುಂಚ ಬೀದಿಗಿಳಿಯಿತು. ಮುಚ್ಚಳವಿಲ್ಲದ ಮೋರಿಯ ಬಾಯಿ ಅವರ ಕೈಯಲ್ಲಿ ಯಮಧರ್ಮನ ಬಾಯಾಯಿತು. 2017ರ ಅಕ್ಟೋಬರಿನಲ್ಲಿ, ರಸ್ತೆಗುಂಡಿಗಳಿಂದಾದ ಸಾವುಗಳಿಗೆ ನಗರ ಮರುಗುತ್ತಿದ್ದಾಗ, ಮತ್ತೊಂದು ಹೊಂಡದಲ್ಲಿ ಮತ್ಸ್ಯಕನ್ಯೆ ಕಾಣಿಸಿಕೊಂಡಳು. ಆ ವೇಷ ಧರಿಸಿದವರು ಚಿತ್ರನಟಿ ಸೋನು ಗೌಡ.

ಚಂದ್ರಲೋಕದ ಆಟೋರಿಕ್ಷಾ

2019ರ ಸೆಪ್ಟೆಂಬರ್ ಮೊದಲ ವಾರ. ಬೆಂಗಳೂರಿನಲ್ಲೇ ನೆಲೆಯಾದ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಚಂದ್ರಯಾನ–2 ಚಂದ್ರನನ್ನು ಸುತ್ತುತ್ತಿದ್ದ ಹೊತ್ತು. ದೇಶದ ದೃಷ್ಟಿಯೆಲ್ಲ ಆಕಾಶದ ಕಡೆ. ಆಗ ಒಂದು ಕಿರುಚಿತ್ರ ಮನೆಮನೆಯ ಮೊಬೈಲಿನಲ್ಲಿ ಓಡಾಡಿತು. ಕಗ್ಗತ್ತಲು, ಕುಳಿಗಳಿಂದ ತುಂಬಿದ ಬೂದು ನೆಲ, ಬೆಳ್ಳಿಬಣ್ಣದ ಉಡುಪು ತೊಟ್ಟ ಗಗನಯಾತ್ರಿಯೊಬ್ಬ ಮೆಲ್ಲಮೆಲ್ಲನೆ ಹೆಜ್ಜೆಯಿಡುತ್ತಿದ್ದಾನೆ. ನೋಡನೋಡುತ್ತಿದ್ದಂತೆ ಅವನ ಪಕ್ಕದಲ್ಲಿಯೇ ಒಂದು ಆಟೋರಿಕ್ಷಾ ಹಾದುಹೋಗುತ್ತದೆ! ಅದು ಚಂದ್ರಲೋಕವಲ್ಲ, ಯಶವಂತಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಹೇರೋಹಳ್ಳಿಯ ತುಂಗಾನಗರ ಮುಖ್ಯರಸ್ತೆ. ಗಗನಯಾತ್ರಿ ಬೇರಾರೂ ಅಲ್ಲ. ನಟ ಪೂರ್ಣಚಂದ್ರ ಮೈಸೂರು. ಈ ಬಾರಿಯೂ ಗುಂಡಿ ಮುಚ್ಚುವ ಕೆಲಸಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ.

ಅಳಿಯುವುದಕ್ಕೇ ಹುಟ್ಟಿದ ಕಲೆ

ಇಂತಹ ಕಲೆ ಹೊಸತೆಂದು ಹಲವರು ಭಾವಿಸುತ್ತಾರೆ. ಆದರೆ ಕನ್ನಡ ನಾಡಿಗೆ ಇದು ಪೂರ್ತಿ ಅಪರಿಚಿತವಲ್ಲ. ಬೆಳಗಿನಲ್ಲಿ ಗೃಹಿಣಿ ಬಿಡಿಸಿದ ರಂಗವಲ್ಲಿ ಸಂಜೆಗೆ ಅಳಿಯುತ್ತದೆ. ಹಗಲುವೇಷದವರು ದೇವರಾಗಿ, ದಾನವರಾಗಿ ಬೀದಿಯಲ್ಲಿ ಸುಳಿದು, ನಗಿಸಿ, ನಗೆಯ ನಡುವೆ ನಾಲ್ಕು ನಿಜಗಳನ್ನು ಆಡಿ ಹೋಗುತ್ತಾರೆ. ಮೊಸಳೆಯೂ ಗಗನಯಾತ್ರಿಯೂ ಅದೇ ಕುಲಕ್ಕೆ ಸೇರಿದವರು. ವಿಶೇಷವೇನೆಂದರೆ, ಇತರ ಕಲಾವಿದರು ತಮ್ಮ ಕೃತಿ ಉಳಿಯಲೆಂದು ಹಾರೈಸುತ್ತಾರೆ. ಈ ಕೃತಿಯಾದರೋ ಅಳಿದಾಗಲೇ ಸಾರ್ಥಕ.

ಉತ್ತರ ಬೆಂಗಳೂರಿನಲ್ಲಿ ಉಳಿಯಲೆಂದೇ ರಚಿತವಾದ ಬೀದಿಚಿತ್ರಗಳೂ ಉಂಟು. ಮುದ್ರಿತ ಫ್ಲೆಕ್ಸ್ ಬಂದು ಸಿನಿಮಾ ಫಲಕಗಳ ಚಿತ್ರಕಾರರು ಕೆಲಸ ಕಳೆದುಕೊಂಡಿದ್ದ ಕಾಲದಲ್ಲಿ, 2009ರಲ್ಲಿ, ಮಹಾನಗರ ಪಾಲಿಕೆಯು ಅಂತಹ ಚಿತ್ರಕಾರರಿಂದ ನಗರದ ಗೋಡೆಗಳ ಮೇಲೆ ನಾಡಿನ ದೃಶ್ಯಗಳನ್ನು ಬರೆಯಿಸಿತು. ಯಲಹಂಕದ ‘ಸೃಷ್ಟಿ’ ಕಲಾ ವಿದ್ಯಾಲಯದವರು ಪೀಣ್ಯದ ಮೆಟ್ರೋ ನಿಲ್ದಾಣವನ್ನೇ ತಮ್ಮ ಪ್ರಯೋಗಶಾಲೆ ಮಾಡಿಕೊಂಡರು. ಅವು ಕಣ್ಣಿಗೆ ತಂಪು. ನಂಜುಂಡಸ್ವಾಮಿಯವರ ಕೃತಿಗಳಾದರೋ ಕಣ್ಣನ್ನು ತೆರೆಯಿಸುವಂಥವು.

ನಗೆಯ ಆಚೆಗೆ

ರಸ್ತೆಗುಂಡಿ ಕೇವಲ ವಿನೋದದ ವಸ್ತುವಲ್ಲ. ಡಾಂಬರಿನ ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ. ಅಡಿಯ ಜಲ್ಲಿ ಸಡಿಲಗೊಳ್ಳುತ್ತದೆ. ಗಾಲಿಗಳ ಹೊಡೆತಕ್ಕೆ ಮೇಲುಪದರ ಕಿತ್ತುಬರುತ್ತದೆ. ಕೊಳವೆಗಾಗಿ, ತಂತಿಗಾಗಿ ಅಗೆದ ರಸ್ತೆಯನ್ನು ಸರಿಯಾಗಿ ಮುಚ್ಚದಿದ್ದಲ್ಲಂತೂ ಕೇಳುವುದೇ ಬೇಡ. ಅದೇ ಗುಂಡಿಯಲ್ಲಿ ಮಳೆನೀರು ನಿಂತರೆ ಆಳ ತಿಳಿಯದು. ಸ್ಕೂಟರಿನಲ್ಲಿ ಮಗುವನ್ನು ಶಾಲೆಗೆ ಕರೆದೊಯ್ಯುವ ತಾಯಿಗೆ ಅದು ಮೊಸಳೆಯ ಬಾಯಿಗಿಂತ ಕಡಿಮೆಯೇನಲ್ಲ.

ಇಲ್ಲಿಯೇ ಒಂದು ಕಟುಪ್ರಶ್ನೆ ಏಳುತ್ತದೆ. ಮೊಸಳೆ ಮಲಗಿದ ಗುಂಡಿ ಮುಚ್ಚಿತು. ಮೊಸಳೆಯಿಲ್ಲದ ಗುಂಡಿಗಳ ಗತಿಯೇನು? ಒಬ್ಬ ಕಲಾವಿದ ಊರಿನ ಹೊಂಡಗಳಿಗೆಲ್ಲ ಬೊಂಬೆ ಮಾಡಿಡುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಕಲೆ ರಸ್ತೆಯನ್ನು ಕಟ್ಟಲಾರದು; ಆದರೆ ನೋಡಿಯೂ ನೋಡದಂತೆ ದಾಟಿಹೋಗುವ ನಮ್ಮೆಲ್ಲರ ಅಭ್ಯಾಸವನ್ನು ಅದು ಮುರಿಯಬಲ್ಲದು. ದಿನವೂ ಬಳಸಿ ಹೋಗುವ ಹೊಂಡ ಒಂದು ದಿನ ಮೊಸಳೆಯನ್ನು ಹೊತ್ತು ನಿಂತಾಗ, ಅದು ಅಷ್ಟು ದಿನವೂ ಅಲ್ಲಿಯೇ ಇತ್ತೆಂಬುದು ನಾಗರಿಕನಿಗೂ ಅಧಿಕಾರಿಗೂ ಒಮ್ಮೆಲೇ ಹೊಳೆಯುತ್ತದೆ.

ಮನೆಯಂಗಳದ ರಂಗವಲ್ಲಿಗೆ ತೋರುವ ಅಕ್ಕರೆ ಹೊಸಿಲು ದಾಟಿ ಬೀದಿಯವರೆಗೂ ಹರಿದರೆ, ಮುಂದೊಂದು ದಿನ ಈ ನಗರದ ಬೀದಿಗಳಲ್ಲಿ ಮೊಸಳೆಗೆ ಮಲಗಲು ಎಡೆಯೇ ಇರದು. ಆ ದಿನ ಬಂದರೆ ಎಲ್ಲರಿಗಿಂತ ಹೆಚ್ಚು ಹಿಗ್ಗುವವನು ಮೊಸಳೆಯನ್ನು ಮಾಡಿದವನೇ ಇರಬೇಕು!